ಹೆಸರು ಕ್ಯಾಪ್ಟನ್‌ದು, ಕೈ ಯಾರದು? ಹಲಸೂರಿನ ತಟ್ಟೆಯಲ್ಲೊಂದು ಬೋಗನ್‌ವಿಲ್ಲಾ

ಇವತ್ತಿನ ಕಥೆ ಶುರುವಾಗೋದು ಹಲಸೂರಿನ ಒಂದು ಟೆರೇಸ್‌ನಿಂದ. ಕೆರೆ ಹತ್ತಿರದ ಸಣ್ಣ ಗಲ್ಲಿ, ಮೂರನೇ ಮಹಡಿ. ನೀರಿನ ಟ್ಯಾಂಕ್ ಪಕ್ಕ ಒಂದು ಅಗಲವಾದ ಮಣ್ಣಿನ ತಟ್ಟೆ. ಅದರಲ್ಲಿ ಒಂದೂವರೆ ಅಡಿ ಎತ್ತರದ ಬೋಗನ್‌ವಿಲ್ಲಾ ಬೋನ್ಸಾಯ್. ಕಾಂಡ ಮಾತ್ರ ನನ್ನ ತೋಳಿಗಿಂತ ದಪ್ಪ!

"ಇಷ್ಟು ದಪ್ಪ ಆಗೋಕೆ ಎಷ್ಟು ವರ್ಷ ಬೇಕಾಯ್ತು ಆಂಟಿ?" ಅಂತ ಕೇಳಿದೆ. ಅವರು ನಕ್ಕರು. "ನಾನು ಬೆಳೆಸಿದ್ದಲ್ಲಪ್ಪ. ಹಳೇ ಬಂಗಲೆ ಒಡೆಯುವಾಗ ಕಾಂಪೌಂಡ್ ಪಕ್ಕ ಕಿತ್ತು ಬಿಸಾಕಿದ್ರು. ಬೊಡ್ಡೆ ಎತ್ಕೊಂಡು ಬಂದೆ."

ಹಾಗಾದರೆ ಇದನ್ನು ಬೆಳೆಸಿದ್ದು ಯಾರು? ಈ ಪ್ರಶ್ನೆ ಹಿಡಿದುಕೊಂಡು ಸ್ವಲ್ಪ ಹಿಂದೆ ಹೋಗೋಣ.

1767, ಬ್ರೆಜಿಲ್‌ನ ರಿಯೊ. ಜಗತ್ತು ಸುತ್ತಲು ಹೊರಟ ಎರಡು ಫ್ರೆಂಚ್ ಹಡಗುಗಳು ಅಲ್ಲಿ ನಿಂತಿದ್ದವು. ನಾಯಕನ ಹೆಸರು ಬೋಗನ್‌ವಿಲ್. ಜೊತೆಗೆ ಸಸ್ಯವಿಜ್ಞಾನಿ ಕಾಮರ್ಸನ್. ಅವನಿಗೊಬ್ಬ 'ಸಹಾಯಕ'. ನಿಜವಾಗಿ ಆ ಸಹಾಯಕ ಗಂಡಸಲ್ಲ, ಝಾನ್ ಬಾರೆ ಎಂಬ ಮಹಿಳೆ. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ, ಅದಕ್ಕೇ ಗಂಡಸಿನ ವೇಷ. ಕಾಮರ್ಸನ್‌ಗೆ ಕಾಲಲ್ಲಿ ಹುಣ್ಣು, ಓಡಾಡೋದೇ ಕಷ್ಟ. ಹಾಗಾಗಿ ರಿಯೊದಲ್ಲಿ ಈ ಗಿಡವನ್ನು ಹುಡುಕಿ ತಂದಿದ್ದು ಬಾರೆನೇ ಇರಬೇಕು ಅಂತ ಕೆಲವರು ಊಹಿಸುತ್ತಾರೆ. ಹೆಸರು ಮಾತ್ರ ಕ್ಯಾಪ್ಟನ್‌ದು. ಜಗತ್ತು ಸುತ್ತಿದ ಮೊದಲ ಮಹಿಳೆ ಅಂತ ಅವಳನ್ನು ಈಗ ಗುರುತಿಸುತ್ತಾರೆ. ಅವಳ ಹೆಸರು ಒಂದು ಗಿಡಕ್ಕೆ ಸಿಕ್ಕಿದ್ದು 2012ರಲ್ಲಿ. ಅದೂ ಬದನೆ, ಆಲೂಗಡ್ಡೆ ಕುಟುಂಬದ ಒಂದು ಕಾಡು ಗಿಡಕ್ಕೆ.

ಬೋಗನ್‌ವಿಲ್ಲಾ ಭಾರತಕ್ಕೆ ಬಂದಿದ್ದು 1860ರ ಸುಮಾರಿಗೆ. ಅಷ್ಟೊತ್ತಿಗೆ ಹಲಸೂರಿನ ಪಕ್ಕದಲ್ಲಿ ಬ್ರಿಟಿಷರ ದಂಡು ಕಟ್ಟಿ ಐವತ್ತು ವರ್ಷ ಆಗಿತ್ತು. 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯ ಇಲ್ಲಿಗೆ ಬಂತು. ಹಿಂದೆಯೇ ಬಂಗಲೆಗಳು, ದೊಡ್ಡ ಕಾಂಪೌಂಡುಗಳು, ಗೇಟಿನ ಮೇಲೆ ಹಬ್ಬಿದ ಕಾಗದದ ಹೂ. ಬಂಗಲೆಗಳಿಗೆ ದೊರೆಗಳ ಹೆಸರು, ರಸ್ತೆಗಳಿಗೂ ಅವರದ್ದೇ. ಗುಂಡಿ ತೋಡಿ, ನೀರು ಹೊತ್ತು, ಮುಳ್ಳು ಚುಚ್ಚಿಸಿಕೊಂಡು ಕತ್ತರಿಸಿದ ಮಾಲಿಗಳ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ.

1949ರಲ್ಲಿ ದಂಡು ಮತ್ತು ಪೇಟೆ ಒಂದೇ ಕಾರ್ಪೊರೇಷನ್ ಆದವು. ಆಮೇಲೆ ಜಾಗದ ಬೆಲೆ ಏರಿತು, ಬಂಗಲೆಗಳು ಒಂದೊಂದಾಗಿ ಬಿದ್ದವು, ಅಪಾರ್ಟ್‌ಮೆಂಟ್ ಎದ್ದವು. ಕಾಂಪೌಂಡ್ ಹೋಯಿತು, ತಟ್ಟೆ ಉಳಿಯಿತು.

ತಟ್ಟೆಯಲ್ಲಿ ಈ ಗಿಡ ಬದುಕೋದಕ್ಕೆ ಕಾರಣ ಇದೆ. ದಪ್ಪ ಬೊಡ್ಡೆಯನ್ನು ಮೋಟಾಗಿ ಕತ್ತರಿಸಿ, ನೀರು ನಿಲ್ಲದ ಮರಳು ಮಿಶ್ರಿತ ಮಣ್ಣಲ್ಲಿ ನೆರಳಿಗೆ ಇಟ್ಟರೆ ಮತ್ತೆ ಬೇರು ಬಿಡುತ್ತೆ. ರೆಂಬೆ ಎಳೆಯದಿದ್ದಾಗಲೇ ತಂತಿ ಸುತ್ತಿ ಬಗ್ಗಿಸಬೇಕು. ಬಲಿತ ಮೇಲೆ ಲಟಕ್ ಅಂತ ಮುರಿಯುತ್ತೆ. ಚೆನ್ನಾಗಿ ಬಿಸಿಲು ಬೇಕು. ಹೂ ಬೇಕಾದಾಗ ಎಲೆ ಸ್ವಲ್ಪ ಬಾಡುವ ತನಕ ನೀರು ತಡೆದು, ಆಮೇಲೆ ಕೊಡಬೇಕು. ಜಾಸ್ತಿ ನೀರು, ಜಾಸ್ತಿ ಗೊಬ್ಬರ ಹಾಕಿದರೆ ಬರೀ ಎಲೆ. ಇನ್ನೊಂದು ವಿಷಯ: ನಾವು ಹೂ ಅಂದುಕೊಂಡ ಆ ಬಣ್ಣ ಹೂವಲ್ಲ, ಬಣ್ಣ ತಿರುಗಿದ ಎಲೆ. ನಿಜವಾದ ಹೂ ನಡುವಿನ ಪುಟ್ಟ ಬಿಳಿ ಕೊಳವೆ. ಅದನ್ನು ಯಾರೂ ನೋಡೋದೇ ಇಲ್ಲ.

"ಬೋನ್ಸಾಯ್ ಅಂದ್ರೆ ಗಿಡಕ್ಕೆ ಹಿಂಸೆ" ಅನ್ನೋರು ಇದ್ದಾರೆ. ಆಂಟಿಗೂ ಆ ಮಾತು ಹೇಳಿದೆ. "ನೆಲದಲ್ಲಿದ್ದ ಗಿಡಕ್ಕೆ ಮಳೆ ಇದೆ. ಇದಕ್ಕೆ ಇರೋದು ನಾನೊಬ್ಬಳೇ. ಮಗನ ಮನೆಗೆ ಹೋದ್ರೂ ಎರಡು ದಿನಕ್ಕೆ ವಾಪಸ್ ಬರ್ತೀನಿ" ಅಂದರು.

ನಿಮ್ಮ ಏರಿಯಾದಲ್ಲಿ ಹಳೇ ಮನೆ ಒಡೆಯುತ್ತಿದ್ದರೆ, ಮೇಸ್ತ್ರಿಯನ್ನು ಕೇಳಿ ಬೊಡ್ಡೆ ತನ್ನಿ. ಜೊತೆಗೆ ಪಕ್ಕದ ಮನೆಯವರ ಹತ್ತಿರ ಇನ್ನೊಂದು ಮಾತೂ ಕೇಳಿ: ಇದಕ್ಕೆ ಇಷ್ಟು ದಿನ ನೀರು ಹಾಕ್ತಿದ್ದವರು ಯಾರು? ಹೆಸರು ಸಿಕ್ಕರೆ ತಟ್ಟೆಯ ಮೇಲೆ ಬರೆದಿಡಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.