ಫಿನ್ಲೆಂಡ್ ಉಳಿದುಕೊಂಡ ಬಗೆ

1939ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯ ನಾಲ್ಕು ಸಣ್ಣ ದೇಶಗಳಿಗೆ ಒಂದಾದ ಮೇಲೊಂದರಂತೆ ಮಾಸ್ಕೋದಿಂದ ಕರೆ ಬಂತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ತಮ್ಮ ನೆಲದಲ್ಲಿ ಸೋವಿಯತ್ ಸೇನಾ ನೆಲೆಗಳಿಗೆ ಒಪ್ಪಿ ಸಹಿ ಹಾಕಿದವು. ಮರುವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ಮೂರೂ ಸೋವಿಯತ್ ಒಕ್ಕೂಟದ ಹೊಟ್ಟೆ ಸೇರಿದ್ದವು. ನಾಲ್ಕನೆಯದಾದ ಫಿನ್ಲೆಂಡ್ ಒಪ್ಪಲಿಲ್ಲ. ಅದು ಯುದ್ಧ ಮಾಡಿತು, ಸೋತಿತು, ನೆಲ ಬಿಟ್ಟುಕೊಟ್ಟಿತು. ಆದರೂ ತನ್ನದೇ ಸಂಸತ್ತು, ತನ್ನದೇ ಕಾನೂನು ಇಟ್ಟುಕೊಂಡು ದೇಶವಾಗಿ ಉಳಿಯಿತು. ಹೇಗೆ ಉಳಿಯಿತು ಎಂದು ಕೇಳಿದರೆ ಕೆಲವರು ಹಿಮದಲ್ಲಿ ಹೋರಾಡಿದ ಸೈನಿಕರ ಕಥೆ ಹೇಳುತ್ತಾರೆ, ಇನ್ನು ಕೆಲವರು ಯುದ್ಧದ ಬಳಿಕ ತಗ್ಗಿಬಗ್ಗಿ ನಡೆದ ಮುತ್ಸದ್ದಿಗಳ ಕಥೆ. ಇವನ್ನು ಎರಡು ಕಥೆಗಳಾಗಿ ಹೇಳುವುದೇ ತಪ್ಪು ಎಂಬುದು ನನ್ನ ವಾದ. ಆ ಹೋರಾಟ ನಡೆಯದಿದ್ದರೆ ಬಗ್ಗುವಿಕೆಗೆ ಬೆಲೆ ಸಿಗುತ್ತಿರಲಿಲ್ಲ. ಬಗ್ಗದೇ ಹೋಗಿದ್ದರೆ ಹೋರಾಟದ ಫಲ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ರಕ್ಷಣೆಯ ಕಥೆ ಫಿರಂಗಿಗಳಿಂದ ಶುರುವಾಗುವುದಿಲ್ಲ, ಹೊಲಗಳಿಂದ ಶುರುವಾಗುತ್ತದೆ. 1917ರ ಡಿಸೆಂಬರ್ 6ರಂದು ರಷ್ಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ಫಿನ್ಲೆಂಡ್ ಮರುತಿಂಗಳೇ ಅಂತರ್ಯುದ್ಧಕ್ಕೆ ಬಿತ್ತು. ಸಮಾಜವಾದಿ ಕಾರ್ಮಿಕರ ಕೆಂಪು ಪಡೆ, ಸರ್ಕಾರದ ಪರವಾದ ಬಿಳಿ ಪಡೆಗಳ ಆ ಕಾದಾಟದಲ್ಲೂ ಅದರ ಬೆನ್ನಿಗೇ ಬಂದ ಸೆರೆ ಶಿಬಿರಗಳ ಹಸಿವು, ರೋಗಗಳಲ್ಲೂ 35,000ಕ್ಕೂ ಹೆಚ್ಚು ಜನ ಸತ್ತರು. ಅಣ್ಣ ತಮ್ಮಂದಿರೇ ಎದುರು ಬದುರಾಗಿದ್ದ ಇಂಥ ದೇಶವನ್ನು ಒಳಗಿನಿಂದ ಒಡೆಯುವುದು ಸುಲಭ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಗೆದ್ದ ಬಿಳಿ ಪಡೆಯವರು ಸೇಡಿನಲ್ಲೇ ಮುಳುಗಿ ಕೂರಲಿಲ್ಲ. ಗೇಣಿದಾರರಿಗೆ ತಾವು ಉಳುತ್ತಿದ್ದ ನೆಲವನ್ನು ಕೊಳ್ಳುವ ಹಕ್ಕು 1918ರಲ್ಲೇ ಸಿಕ್ಕಿತು. 1922ರಲ್ಲಿ ರೈತರ ಪಕ್ಷದ ನಾಯಕ ಕ್ಯೋಸ್ತಿ ಕಲ್ಲಿಯೊ ತಂದ ಕಾಯಿದೆ ಭೂಹೀನರಿಗೂ ನೆಲದ ದಾರಿ ತೆರೆಯಿತು. 1937ರ ಹೊತ್ತಿಗೆ ಸೋತ ಪಕ್ಷದ ವಾರಸುದಾರರಾದ ಸೋಷಿಯಲ್ ಡೆಮಾಕ್ರಾಟರು ರೈತರ ಪಕ್ಷದೊಂದಿಗೆ ಸೇರಿ ಸರ್ಕಾರ ನಡೆಸುತ್ತಿದ್ದರು. ಹೀಗಾಗಿ 1939ರ ಡಿಸೆಂಬರ್‌ನಲ್ಲಿ ಸ್ಟಾಲಿನ್ ಗಡಿಯೂರು ತೆರಿಯೊಕಿಯಲ್ಲಿ ಓಟ್ಟೊ ಕುಸಿನೆನ್ ಎಂಬ ಕಮ್ಯುನಿಸ್ಟ್ ನಾಯಕನ ಕೈಗೊಂಬೆ ಸರ್ಕಾರ ಕೂರಿಸಿದಾಗ ಫಿನ್ನಿಶ್ ಕಾರ್ಮಿಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಯುದ್ಧದ ನಡುವೆ, 1940ರ ಜನವರಿಯಲ್ಲಿ, ಮಾಲೀಕರ ಒಕ್ಕೂಟ ಮತ್ತು ಕಾರ್ಮಿಕ ಸಂಘಗಳು ಮೊದಲ ಬಾರಿಗೆ ಪರಸ್ಪರ ಮಾನ್ಯತೆ ಕೊಟ್ಟುಕೊಂಡವು. ದೇಶರಕ್ಷಣೆಯ ಲೆಕ್ಕದಲ್ಲಿ ಆ ಭೂಸುಧಾರಣೆಯನ್ನು ಯಾವ ಕೋಟೆಗೂ ಕಡಿಮೆಯೆಂದು ನಾನು ಎಣಿಸಲಾರೆ.

ಸೋವಿಯತ್ ಬೇಡಿಕೆಗೂ ಅದರದೇ ಆದ ಕಾರಣವಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಫಿನ್ಲೆಂಡಿನ ಗಡಿ ಲೆನಿನ್‌ಗ್ರಾಡ್‌ನಿಂದ ಸುಮಾರು 32 ಕಿಲೋಮೀಟರ್ ದೂರದಲ್ಲಿತ್ತು. ಗಡಿ ಹಿಂದೆ ಸರಿಯಲಿ, ಹಾಂಕೊ ಭೂಶಿರ ನೌಕಾನೆಲೆಗೆ ಸಿಗಲಿ, ಬದಲಿಗೆ ಬೇರೆಡೆ ಇಮ್ಮಡಿ ನೆಲ ಕೊಡುತ್ತೇವೆ ಎಂದು ಮಾಸ್ಕೋ ಕೇಳಿತು. ಸಂಧಾನಕ್ಕೆ ಹೋದ ಪಾಸಿಕಿವಿ ಮಾತ್ರವಲ್ಲ, ಸೇನೆಯ ದುಃಸ್ಥಿತಿ ಬಲ್ಲ ಹಿರಿಯ ಸೇನಾನಿ ಮಾನರ್‌ಹೈಮ್ ಕೂಡ ಸ್ವಲ್ಪ ಬಿಟ್ಟುಕೊಡುವುದೇ ಲೇಸು ಎಂದಿದ್ದರು. ಸರ್ಕಾರ ಒಪ್ಪಲಿಲ್ಲ. ಹಾಗಾದರೆ ಒಪ್ಪಿದ್ದರೆ ಯುದ್ಧವೇ ತಪ್ಪುತ್ತಿತ್ತಲ್ಲವೇ? ಒಪ್ಪಿದ ಮೂರು ದೇಶಗಳಿಗೆ ಏನಾಯಿತೆಂಬುದು ಕಣ್ಣ ಮುಂದಿದೆ. ನವೆಂಬರ್ 30ರಂದು ದಾಳಿ ಶುರುವಾಯಿತು. ಸುಮಾರು 37 ಲಕ್ಷ ಜನರ ದೇಶ 105 ದಿನ ಕಾದಿತು. ಸುವೊಮುಸ್ಸಲ್ಮಿ ಮತ್ತು ರಾತೆ ರಸ್ತೆಯ ಕಾಡಿನಲ್ಲಿ ಸೋವಿಯತ್ ಡಿವಿಷನ್‌ಗಳು ತುಂಡು ತುಂಡಾಗಿ ಹಿಮದಲ್ಲಿ ಸಿಕ್ಕಿಬಿದ್ದವು. ಫಿನ್ಲೆಂಡ್ ಸುಮಾರು 25,000 ಯೋಧರನ್ನು ಕಳೆದುಕೊಂಡರೆ, ಸೋವಿಯತ್ ಕಡೆ ಲಕ್ಷ ಮೀರಿ ಸತ್ತರು. 1940ರ ಮಾರ್ಚ್ ಸಂಧಿಯಲ್ಲಿ ವೀಪುರಿ ನಗರ ಸಹಿತ ದೇಶದ ಹತ್ತರಲ್ಲೊಂದು ಪಾಲು ಕೈಬಿಟ್ಟುಹೋಯಿತು, 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಆದರೆ ಸಂಧಿ ನಡೆದದ್ದು ಹೆಲ್ಸಿಂಕಿಯ ಸರ್ಕಾರದೊಂದಿಗೆ. ಕುಸಿನೆನ್‌ನ ಸರ್ಕಾರವನ್ನು ಸ್ಟಾಲಿನ್ ಸದ್ದಿಲ್ಲದೆ ಕೈಬಿಟ್ಟಿದ್ದರು. ನೆಲ ಕೊಟ್ಟ ಫಿನ್ಲೆಂಡ್ ಗಳಿಸಿಕೊಂಡದ್ದು ಈ ಮಾನ್ಯತೆಯನ್ನು.

ಶಸ್ತ್ರವೊಂದೇ ಸಾಕೆಂದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿ ಇದೇ ದೇಶದಲ್ಲಿದೆ. 1941ರಲ್ಲಿ ಫಿನ್ಲೆಂಡ್ ಹಿಟ್ಲರನ ಜರ್ಮನಿಯ ಜೊತೆ ಸೇರಿ ಮತ್ತೆ ಯುದ್ಧಕ್ಕಿಳಿಯಿತು. ಕಳೆದುಕೊಂಡ ನೆಲ ಮರಳಿ ಪಡೆಯುವುದಕ್ಕೇ ಅದು ನಿಲ್ಲಲಿಲ್ಲ. ಹಳೆಯ ಗಡಿ ದಾಟಿ ಪೂರ್ವ ಕರೇಲಿಯಾವನ್ನು ಆಕ್ರಮಿಸಿ, ಅಲ್ಲಿನ ರಷ್ಯನ್ ನಾಗರಿಕರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅಲ್ಲಿ ಸಾವಿರಾರು ಮಂದಿ ಸತ್ತರು. ಈ ಕಳಂಕವನ್ನು ಬದಿಗಿಟ್ಟು ಫಿನ್ಲೆಂಡಿನ ಶೌರ್ಯವನ್ನು ಹೊಗಳುವುದು ಪ್ರಾಮಾಣಿಕವಲ್ಲ. ಮೊದಲ ಯುದ್ಧದಲ್ಲಿ ಗಳಿಸಿದ್ದ ಜಗತ್ತಿನ ಸಹಾನುಭೂತಿ ಕರಗಿ, 1941ರ ಡಿಸೆಂಬರ್‌ನಲ್ಲಿ ಬ್ರಿಟನ್ ಕೂಡ ಯುದ್ಧ ಸಾರಿತು. 1944ರ ಬೇಸಿಗೆಯಲ್ಲಿ ಕೆಂಪು ಸೇನೆ ನುಗ್ಗಿ ಬಂದಾಗ ತಾಲಿ-ಇಹಂತಲದಲ್ಲಿ ಅದನ್ನು ಹೇಗೋ ತಡೆದು, ಸೆಪ್ಟೆಂಬರ್‌ನಲ್ಲಿ ಕದನವಿರಾಮಕ್ಕೆ ಬರಬೇಕಾಯಿತು.

ಇಲ್ಲೊಂದು ಬಲವಾದ ಆಕ್ಷೇಪವಿದೆ: ಫಿನ್ಲೆಂಡ್ ಉಳಿದದ್ದು ಅದೃಷ್ಟದಿಂದ, ಸ್ಟಾಲಿನ್‌ಗೆ ಆಗ ಬರ್ಲಿನ್ ತಲುಪುವ ಅವಸರವಿತ್ತು ಅಷ್ಟೇ. ಅವಸರವಿದ್ದದ್ದು ನಿಜ. ಆದರೆ ಅವಸರದಲ್ಲಿರುವವನು ಬಾಗಿಲು ತೆರೆದಿದ್ದರೆ ಒಳನುಗ್ಗಿಯೇ ಹೋಗುತ್ತಾನೆ. ರೊಮೇನಿಯಾದಲ್ಲಿ ಆದದ್ದು ಅದೇ. ಫಿನ್ಲೆಂಡಿನಲ್ಲಿ ಸೇನೆ ಇನ್ನೂ ಕಾದುತ್ತಿತ್ತು. ಕದನವಿರಾಮದ ಬಳಿಕವೂ ಅಧಿಕಾರಿಗಳು ಸುಮಾರು 35,000 ಜನರಿಗಾಗುವಷ್ಟು ಶಸ್ತ್ರಗಳನ್ನು ದೇಶದ ತುಂಬ ಬಚ್ಚಿಟ್ಟಿದ್ದರು. ಈ ನೆಲವನ್ನು ನುಂಗಿದರೂ ಜೀರ್ಣಿಸಿಕೊಳ್ಳುವುದು ಕಷ್ಟ ಎಂಬ ಅರಿವು ಮಾಸ್ಕೋದಲ್ಲಿತ್ತು.

1946ರಲ್ಲಿ ಅಧ್ಯಕ್ಷರಾದ ಪಾಸಿಕಿವಿ ಆ ಅರಿವನ್ನೇ ಬಂಡವಾಳ ಮಾಡಿಕೊಂಡರು. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದ ಹನ್ನೆರಡನೆಯ ಅಧಿಕರಣ ಬಲಾಢ್ಯನ ಎದುರು ದುರ್ಬಲ ಅರಸ ಏನು ಮಾಡಬೇಕೆಂಬುದನ್ನು ಚರ್ಚಿಸುತ್ತದೆ. ಸದಾ ತಲೆಬಾಗು ಎನ್ನುವ ಭಾರದ್ವಾಜರ ಮತವನ್ನೂ, ಇರುವ ಬಲವೆಲ್ಲ ಹಾಕಿ ಕಾದು ಎನ್ನುವ ವಿಶಾಲಾಕ್ಷರ ಮತವನ್ನೂ ಕೌಟಿಲ್ಯ ತಳ್ಳಿಹಾಕಿ, ಮತ್ತೊಬ್ಬ ಬಲಿಷ್ಠನ ಆಶ್ರಯವನ್ನೋ ಭೇದಿಸಲಾಗದ ದುರ್ಗವನ್ನೋ ಹಿಡಿಯಬೇಕೆನ್ನುತ್ತಾನೆ. ಆಗ ಯಾವ ಬಲಿಷ್ಠನ ಆಶ್ರಯವೂ ಫಿನ್ಲೆಂಡಿಗೆ ಸಿಗುವಂತಿರಲಿಲ್ಲ. ಅದಕ್ಕೆ ಉಳಿದದ್ದು ದುರ್ಗವೊಂದೇ, ಅಂದರೆ ನುಂಗಿದರೂ ಜೀರ್ಣವಾಗದ ತನ್ನ ನೆಲ ಮತ್ತು ಜನ; ಅದನ್ನು ಕಾಯುತ್ತಲೇ ಹೊರಗೆ ಬಗ್ಗಿತು. 30 ಕೋಟಿ ಡಾಲರ್ ಎಂದು ಮೊದಲು ನಿಗದಿಯಾಗಿ ಆಮೇಲೆ ತಗ್ಗಿಸಲಾದ ಯುದ್ಧ ಪರಿಹಾರವನ್ನು ಹಡಗು, ಯಂತ್ರಗಳ ರೂಪದಲ್ಲಿ 1952ರ ಹೊತ್ತಿಗೆ ಪೂರ್ತಿ ತೀರಿಸಿತು. ಅಮೆರಿಕದ ಮಾರ್ಷಲ್ ನೆರವನ್ನು ಬೇಡವೆಂದಿತು. 1948ರ ಏಪ್ರಿಲ್ ಒಪ್ಪಂದದಲ್ಲಿ, ಜರ್ಮನಿಯೋ ಅದರ ಮಿತ್ರರೋ ತನ್ನ ನೆಲದ ಮೂಲಕ ಸೋವಿಯತ್ ಮೇಲೆ ಬಂದರೆ ತಾನೇ ಎದುರಿಸುವುದಾಗಿ ಮಾತು ಕೊಟ್ಟಿತು; ಸೋವಿಯತ್ ಸೇನೆ ತಾನಾಗಿ ಒಳಬರಲು ಅದರಲ್ಲಿ ಅವಕಾಶವಿರಲಿಲ್ಲ. ಹೆಲ್ಸಿಂಕಿಯ ಪಕ್ಕದ ಪೊರ್ಕ್ಕಲ ನೆಲೆಯನ್ನು 50 ವರ್ಷಕ್ಕೆ ಪಡೆದಿದ್ದ ಸೋವಿಯತ್, 1956ರಲ್ಲೇ ಅದನ್ನು ಹಿಂದಿರುಗಿಸಿತು.

ಈ ನೀತಿಗೆ ತೆತ್ತ ಬೆಲೆ ಸಣ್ಣದಲ್ಲ. 1961ರಲ್ಲಿ ಸೋವಿಯತ್ ಪತ್ರವೊಂದು ಸೇನಾ ಸಮಾಲೋಚನೆ ಕೇಳಿದ್ದೇ ತಡ, ಅಧ್ಯಕ್ಷ ಕೆಕ್ಕೊನೆನ್ ಎದುರು ಸ್ಪರ್ಧಿಸಲಿದ್ದ ಹೊಂಕ ಕಣದಿಂದ ಹಿಂದೆ ಸರಿದರು. 1973ರಲ್ಲಿ ಕೆಕ್ಕೊನೆನ್ ಅವಧಿಯನ್ನು ಚುನಾವಣೆಯಿಲ್ಲದೆ, ವಿಶೇಷ ಕಾಯಿದೆಯಿಂದ ನಾಲ್ಕು ವರ್ಷ ಮುಂದುವರಿಸಲಾಯಿತು. ಪತ್ರಿಕೆಗಳು ತಮಗೆ ತಾವೇ ಕಡಿವಾಣ ಹಾಕಿಕೊಂಡವು. ಗಡಿ ದಾಟಿ ಬಂದ ಸೋವಿಯತ್ ಪ್ರಜೆಗಳನ್ನು ಹಿಂದಕ್ಕೆ ಒಪ್ಪಿಸಲಾಯಿತು. ಪಶ್ಚಿಮದವರು ಇದಕ್ಕೆ ‘ಫಿನ್ಲೆಂಡೀಕರಣ’ ಎಂದು ಹೆಸರಿಟ್ಟು ಹೀಯಾಳಿಸಿದರು. ಪಾಸಿಕಿವಿಯ ಕಾಲದ ತಗ್ಗುವಿಕೆ ಅನಿವಾರ್ಯವಾಗಿತ್ತು. ಎಪ್ಪತ್ತರ ದಶಕದ್ದರಲ್ಲಿ ಬಹುಪಾಲು ಒಳಗಿನ ಅಧಿಕಾರದ ಅನುಕೂಲಕ್ಕೆ ನಡೆದದ್ದು. ನೆರೆಯವನ ಭಯ ಎದುರಾಳಿಯನ್ನು ಸುಮ್ಮನಿರಿಸುವ ಸಾಧನವಾಯಿತು. ಇಷ್ಟಾದರೂ ಸ್ಪರ್ಧೆಯುಳ್ಳ ಚುನಾವಣೆ, ಸ್ವತಂತ್ರ ನ್ಯಾಯಾಲಯ, ಖಾಸಗಿ ಆಸ್ತಿ ಉಳಿದವು. ಕೊಲ್ಲಿಯ ಆಚೆ ದಡದ ಎಸ್ಟೋನಿಯಾದಲ್ಲಿ ಅರ್ಧ ಶತಮಾನ ಇವಾವುವೂ ಇರಲಿಲ್ಲ.

2023ರ ಏಪ್ರಿಲ್ 4ರಂದು ಫಿನ್ಲೆಂಡ್ ನೇಟೋ ಸೇರಿದ್ದು ಹಳೆಯ ನೀತಿ ತಪ್ಪಾಗಿತ್ತೆಂಬುದಕ್ಕೆ ಪುರಾವೆ ಎಂದು ಈಗ ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮಾಸ್ಕೋಗೆ ಕೊಟ್ಟ ಮಾತಿಗೆ ಮಾಸ್ಕೋದಿಂದಲೂ ಮಾತು ಸಿಗುತ್ತದೆ ಎಂಬುದೇ ಆ ನೀತಿಯ ತಳಹದಿ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ನಡೆದ ದಾಳಿ ಆ ತಳಹದಿಯನ್ನು ಕಿತ್ತುಹಾಕಿತು. ಕೌಟಿಲ್ಯ ಹೇಳಿದ ಆಶ್ರಯ ಈಗ ಸಿಕ್ಕಿತು, ಫಿನ್ಲೆಂಡ್ ಹಿಡಿದುಕೊಂಡಿತು. ದುರ್ಗವನ್ನು ಮಾತ್ರ ಅದು ಯಾವಾಗಲೂ ಬಿಟ್ಟಿರಲಿಲ್ಲ. ಶೀತಲ ಸಮರ ಮುಗಿದ ಮೇಲೆ ಯುರೋಪಿನ ಹಲವು ದೇಶಗಳು ಕಡ್ಡಾಯ ಸೇನಾ ಸೇವೆಯನ್ನು ನಿಲ್ಲಿಸಿದಾಗಲೂ ಫಿನ್ಲೆಂಡ್ ಮುಂದುವರಿಸಿತು. 1,300 ಕಿಲೋಮೀಟರಿಗೂ ಉದ್ದದ ರಷ್ಯಾ ಗಡಿಯ ಈಚೆಗೆ, ಸುಮಾರು 55 ಲಕ್ಷ ಜನರಿರುವ ಆ ದೇಶದ ಗಂಡಸರಿಗೆ ನೇಟೋ ಸೇರಿದ ಮೇಲೂ ಆ ಸೇವೆ ಕಡ್ಡಾಯವಾಗಿಯೇ ಇದೆ.