ಯಾರಿಗೂ ತಿಳಿಯದಿದ್ದ ಕಡಲ ಕವಲು

ಹಿಮನದಿಗಳು ಕೊರೆದ ಆಳ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫಿಯರ್ಡ್. ನಾರ್ವೆಯಲ್ಲಿರುವಂತೆ ನ್ಯೂಜಿಲೆಂಡಿನ ನೈಋತ್ಯ ಕರಾವಳಿಯಲ್ಲೂ ಇಂಥ ಕಡಲ ಕವಲುಗಳಿವೆ. ಆ ಸೀಮೆಗೆ ಫಿಯರ್ಡ್‌ಲ್ಯಾಂಡ್ ಎಂದೇ ಹೆಸರು.

1770ರಲ್ಲಿ ಈ ಕರಾವಳಿಯಗುಂಟ ಸಾಗಿದ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಒಂದು ಕವಲಿನ ಬಾಯಲ್ಲಿ ಹಿಂಜರಿದ. ಪಡುವಣ ಗಾಳಿ ಹಾಯಿಹಡಗನ್ನು ಒಳಕ್ಕೇನೋ ತಳ್ಳೀತು, ಹೊರಬರುವುದು ಹೇಗೆ? ಅದಕ್ಕೆ ‘ಅನುಮಾನದ ಬಂದರು’ ಎಂಬರ್ಥದ ಹೆಸರಿಟ್ಟು ಮುಂದೆ ಸಾಗಿದ. ಅದೇ ಇಂದಿನ ಡೌಟ್‌ಫುಲ್ ಸೌಂಡ್.

ಎರಡನೇ ಯಾನದಲ್ಲಿ ಮಾತ್ರ ಒಳಹೋಗದೆ ವಿಧಿಯಿರಲಿಲ್ಲ. ದಕ್ಷಿಣದ ಹಿಮಸಾಗರದಲ್ಲಿ ಸುಮಾರು ನಾಲ್ಕು ತಿಂಗಳು ನೆಲ ಕಾಣದೆ ಬಳಲಿದ್ದ ‘ರೆಸಲ್ಯೂಷನ್’ ಹಡಗು 1773ರ ಮಾರ್ಚ್ 26ರಂದು ಡಸ್ಕಿ ಸೌಂಡ್ ಹೊಕ್ಕಿತು. ಆರು ವಾರಗಳ ಬಿಡಾರದಲ್ಲಿ ಮಳೆ ಬಿಡುವು ಕೊಟ್ಟದ್ದೇ ಅಪರೂಪ. ಆದರೂ ಖಗೋಳಜ್ಞ ವಿಲಿಯಂ ವೇಲ್ಸ್ ಕಾಡು ಕಡಿಸಿ ಉಪಕರಣಗಳನ್ನು ಹೂಡಿದ. ಕುಕ್ ದೋಣಿಗಳಲ್ಲಿ ಸುತ್ತಿ ನಕ್ಷೆ ಬರೆದ. ಮೀನು, ಬಾತುಕೋಳಿ ಯಥೇಚ್ಛವಾಗಿ ಸಿಕ್ಕವು. ತುಪ್ಪುಳ ಸೀಲ್‌ಗಳ ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ, ಚರ್ಮ ಹಡಗಿನ ದುರಸ್ತಿಗೆ ಒದಗಿತು. ಅಲ್ಲಿದ್ದ ಮಾವೋರಿ ಕುಟುಂಬವೊಂದರ ಪರಿಚಯವೂ ಆಯಿತು.

ನೋಡಲಾಗದ ಒಂದು ಭಾಗಕ್ಕೆ ಕುಕ್ ನಕ್ಷೆಯಲ್ಲಿ ‘ಯಾರಿಗೂ ತಿಳಿಯದು’ ಎಂದು ಬರೆದ. ಆ ಯಾನದಲ್ಲಿ ಕಿರಿಯ ನಾವಿಕನಾಗಿದ್ದ ಜಾರ್ಜ್ ವ್ಯಾಂಕೂವರ್ 1791ರಲ್ಲಿ ಬಂದು, ಅದನ್ನು ಶೋಧಿಸಿ, ‘ಯಾರಿಗೋ ತಿಳಿದಿದೆ’ ಎಂದು ತಿದ್ದಿದ!

ತಿಳಿದದ್ದೇ ಮುಳುವಾಯಿತು. ಸೀಲ್‌ಗಳ ಸುದ್ದಿ ವ್ಯಾಪಾರಿಗಳನ್ನು ಸೆಳೆಯಿತು. 1792ರಲ್ಲಿ ‘ಬ್ರಿಟಾನಿಯಾ’ ಹಡಗು ಆಂಕರ್ ದ್ವೀಪದಲ್ಲಿ ಇಳಿಸಿಹೋದ ತಂಡ ಹತ್ತು ತಿಂಗಳಲ್ಲಿ ಸುಮಾರು 4,500 ಚರ್ಮ ಸುಲಿಯಿತು. ಕೆಲವೇ ದಶಕಗಳಲ್ಲಿ ಈ ಕರಾವಳಿಯ ಸೀಲ್ ಸಂತತಿ ಅಳಿವಿನಂಚಿಗೆ ಬಂತು.

ಮುಂದೆ ಹಕ್ಕಿಗಳ ಸರದಿ. ಮೊಲಗಳ ಹಾವಳಿ ತಡೆಯಲೆಂದು ನ್ಯೂಜಿಲೆಂಡಿಗೆ ತಂದ, ಮುಂಗುಸಿಯಂಥ ಸ್ಟೋಟ್ ಹಾರಲಾರದ ಹಕ್ಕಿಗಳ ಬೇಟೆಗಿಳಿಯಿತು. 1894ರಿಂದ ರಿಚರ್ಡ್ ಹೆನ್ರಿ ಎಂಬ ಪಾಲಕ ನೂರಾರು ಕಾಕಪೋ ಗಿಳಿ, ಕೀವಿಗಳನ್ನು ದೋಣಿಯಲ್ಲಿ ರೆಸಲ್ಯೂಷನ್ ದ್ವೀಪಕ್ಕೆ ಸಾಗಿಸಿದ. 1900ರ ಹೊತ್ತಿಗೆ ಸ್ಟೋಟ್ ಅಲ್ಲಿಗೂ ಈಜಿ ಬಂದಿತ್ತು.

ಆದರೂ ಆ ಶ್ರಮ ದಾರಿ ತೋರಿತು. ಸೀಲ್‌ಗಳೀಗ ಚೇತರಿಸಿಕೊಂಡಿವೆ. ಚರ್ಮ ಸುಲಿದವರು ಬಿಡಾರ ಹೂಡಿದ್ದ ಆಂಕರ್ ದ್ವೀಪದಿಂದಲೇ ಸ್ಟೋಟ್‌ಗಳನ್ನು ನಿರ್ಮೂಲ ಮಾಡಿ, ಕಾಕಪೋಗಳನ್ನು ಮತ್ತೆ ನೆಲೆಗೊಳಿಸಲಾಗಿದೆ.