ಬೆರಳುಗಳಿಗೆ ಮರುಪಾಠ: ಜೆರಿ ಗಾರ್ಸಿಯಾ, 1986

ಸಾನ್ ಫ್ರಾನ್ಸಿಸ್ಕೊದಲ್ಲಿ 1942ರಲ್ಲಿ ಹುಟ್ಟಿದ ಜೆರಿ ಗಾರ್ಸಿಯಾ ರಾಕ್ ಸಂಗೀತಕ್ಕೆ ಬರುವ ಮೊದಲು ಜನಪದ ಕಲಾವಿದ. ಪಾಲೊ ಆಲ್ಟೊ ಸುತ್ತಮುತ್ತ ಬ್ಯಾಂಜೊ ನುಡಿಸಿಕೊಂಡಿದ್ದವರು. ನಾಲ್ಕನೇ ವಯಸ್ಸಿನಲ್ಲಿ ಕೊಡಲಿಯೇಟಿಗೆ ಬಲಗೈಯ ನಡುಬೆರಳಿನ ಬಹುಭಾಗ ಹೋಗಿತ್ತು. ಆ ಕೈಯೇ ಮುಂದೆ 'ಗ್ರೇಟ್‌ಫುಲ್ ಡೆಡ್' ರಾಕ್ ತಂಡದ ದನಿಯಾಯಿತು.

1986ರ ಜುಲೈ ಮೊದಲ ವಾರ ಬಾಬ್ ಡಿಲನ್ ಜೊತೆ ವಾಷಿಂಗ್ಟನ್ನಿನ ಬೇಗೆಯಲ್ಲಿ ಕಾರ್ಯಕ್ರಮ ಕೊಟ್ಟು ತಂಡ ಊರಿಗೆ ಮರಳಿತು. ಜುಲೈ 10ರಂದು ಗಾರ್ಸಿಯಾ ಮರಿನ್ ಕೌಂಟಿಯ ಮನೆಯಲ್ಲಿ ಕುಸಿದುಬಿದ್ದರು. ಸಕ್ಕರೆ ಕಾಯಿಲೆ, ಹಲ್ಲಿನ ಸೋಂಕು, ನೀರಿನಂಶ ಬತ್ತಿದ ಮೈ. ವರ್ಷಗಳ ಮಾದಕ ವ್ಯಸನ ಮೊದಲೇ ದೇಹವನ್ನು ಸವೆಸಿತ್ತು. ದಿನಗಟ್ಟಲೆ ಪ್ರಜ್ಞೆ ಇರಲಿಲ್ಲ. ಎಚ್ಚರವಾದಾಗ ಜೀವ ಉಳಿದಿತ್ತು, ಆದರೆ ಕೈಗೆ ಗಿಟಾರ್ ಮರೆತಿತ್ತು.

ಇಲ್ಲಿ ನೆನೆಯಲೇಬೇಕಾದ ಹೆಸರು ಮರ್ಲ್ ಸಾಂಡರ್ಸ್. ಕೀಬೋರ್ಡ್ ವಾದಕರಾದ ಈ ಹಳೆಯ ಗೆಳೆಯ ಪಕ್ಕದಲ್ಲಿ ಕೂತು, ಸ್ವರಕ್ಕೆ ಸ್ವರ ಕೂಡಿಸಿ ಮತ್ತೆ ಕಲಿಸಿದರು. ಹೊಸದಾಗಿ ಪಾಠಕ್ಕೆ ಕೂತ ಮಗುವಿಗೆ ಹೇಳಿಕೊಡುವಷ್ಟೇ ತಾಳ್ಮೆ ಬೇಕಾಗಿತ್ತು. ಔಷಧಿಯಷ್ಟೇ ಈ ಗೆಳೆತನವೂ ಗಾರ್ಸಿಯಾರನ್ನು ಎತ್ತಿ ನಿಲ್ಲಿಸಿತು ಎಂದೇ ನಮ್ಮ ನಂಬಿಕೆ.

ಅಕ್ಟೋಬರ್‌ನಲ್ಲಿ ಸಾನ್ ಫ್ರಾನ್ಸಿಸ್ಕೊದ 'ದಿ ಸ್ಟೋನ್' ಕ್ಲಬ್ಬಿನಲ್ಲಿ ಗಾರ್ಸಿಯಾ ತಮ್ಮದೇ ಪುಟ್ಟ ತಂಡದೊಂದಿಗೆ ನುಡಿಸಿದರು. ಡಿಸೆಂಬರ್ 15ರಂದು ಓಕ್‌ಲ್ಯಾಂಡ್ ಕೊಲಿಸಿಯಂನಲ್ಲಿ 'ಡೆಡ್' ಮತ್ತೆ ವೇದಿಕೆ ಏರಿತು. ಮೊದಲ ಹಾಡು 'ಟಚ್ ಆಫ್ ಗ್ರೇ'. ಕಷ್ಟ ದಾಟಿ ಬದುಕುಳಿಯುವ ಹಾಡು. ವರ್ಷಗಳಿಂದ ಹಾಡುತ್ತಿದ್ದುದೇ, ಆದರೆ ಆ ರಾತ್ರಿ ಅದರ ಅರ್ಥವೇ ಬೇರೆಯಾಗಿತ್ತು.

1987ರ ಜನವರಿಯಲ್ಲಿ ಸಾನ್ ರಫೇಲ್‌ನ ಸಭಾಂಗಣವೊಂದರಲ್ಲಿ ಖಾಲಿ ಕುರ್ಚಿಗಳ ಮುಂದೆ ತಂಡ ಹೊಸ ಆಲ್ಬಂ ಧ್ವನಿಮುದ್ರಿಸಿತು. ಜುಲೈನಲ್ಲಿ ಅದು ಹೊರಬಂದಾಗ ಗಾರ್ಸಿಯಾ ಕುಸಿದು ಸುಮಾರು ಒಂದು ವರ್ಷವಾಗಿತ್ತು. ಅದರಲ್ಲಿದ್ದ 'ಟಚ್ ಆಫ್ ಗ್ರೇ' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 9ನೇ ಸ್ಥಾನಕ್ಕೇರಿತು.